ಮಲಕವ್ವ ಕೆಡಿಸಿದ ಅಂಟು

ಸಿದ್ದರಾಯನ ಹೆಸರು ಬಂದರೆ ಮಲಕವ್ವ ಮೊದಲು ಉಗುಳುತ್ತಿದ್ದಳು, ಆಮೇಲೆ ಮಾತಾಡುತ್ತಿದ್ದಳು. ಹಾಗಂತ ಅವಳು ಬಾಯಿಬಡುಕಿ ಹೆಂಗಸೇನಲ್ಲ. ಗಡಹಿಂಗ್ಲಜ ಕಡೆಯ ಹಳ್ಳಿಯಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಲಗ್ನವಾದ ಮೇಲೆ ಗಂಡ ಸಾತಪ್ಪನ ಹಿಂದೆ ಇಚಲಕರಂಜಿಗೆ ಬಂದು, ಶಹಾಪುರದ ಚಾಳಿನಲ್ಲಿ ಒಂದು ಖೋಲಿ ಹಿಡಿದು, ಅವನು ಮಗ್ಗ ನಡೆಸಿದರೆ ತಾನು ಕಾಂಡಿ ಸುತ್ತಿ ಸಂಸಾರ ತೂಗಿಸಿದವಳು. ಓಣಿಯಲ್ಲಿ ಜಗಳ ಎದ್ದರೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂಡುವ ಪೈಕಿ. ಆದರೆ ಸಿದ್ದರಾಯನ ಮಾತು ಬಂತೋ, ಮುಗಿಯಿತು. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು, ಥೂ ಎಂದು ಒಂದು ಸಲ ಉಗುಳಿದ ಮೇಲೆಯೇ ಮುಂದಿನ ಮಾತು.

ಅವಳ ಸಿಟ್ಟಿಗೆ ಕಾರಣವಿತ್ತು. ಅದನ್ನು ಹೇಳುವ ಮೊದಲು ಅವಳ ಕೆಲಸ ಏನೆಂಬುದನ್ನು ಹೇಳಬೇಕು. ಕಾಂಡಿ ಎಂದರೆ ಲಾಳಿಯೊಳಗೆ ಕೂಡುವ ಕಟ್ಟಿಗೆಯ ಸಣ್ಣ ಕೋಲು. ಅದಕ್ಕೆ ಹೊಕ್ಕಿನ ನೂಲು ಸುತ್ತಿ ಮಗ್ಗದವರಿಗೆ ಕೊಡಬೇಕು. ನೂಲಿಗೆ ಒಣಹವೆ ಆಗಿಬರುವುದಿಲ್ಲ. ಹವೆ ಒಣಗಿದರೆ ಎಳೆ ಪಟಪಟ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ, ಮಾಲಕನ ಮುಖ ಗಂಟಾಗುತ್ತದೆ. ಅದಕ್ಕೆಂದೇ ಇಚಲಕರಂಜಿಯ ಶೆಡ್ಡುಗಳಲ್ಲಿ ನೆಲಕ್ಕೆ ನೀರು ಹೊಡೆಯುವುದು ದೇವರ ಕೋಣೆ ಸಾರಿಸಿದಷ್ಟೇ ನೇಮದ ಕೆಲಸ. ಸುತ್ತಿದ ಕಾಂಡಿಗಳನ್ನು ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಇಡುತ್ತಾರೆ. ಗೋಣಿ ಒಣಗಿದರೆ ಮತ್ತೆ ನೀರು. ಧರಣೇಂದ್ರ ಮಾಲಕರ ಶೆಡ್ಡಿನ ಕಾಂಡಿಖೋಲಿಯಲ್ಲಿ ಬೇಸಿಗೆಯಲ್ಲೂ ಗೋಡೆ ಮುಟ್ಟಿದರೆ ಕೈಗೆ ತಣ್ಣಗೆ ಹಸಿ ತಾಗುತ್ತಿತ್ತು.

ಸಿದ್ದರಾಯ ಆ ಶೆಡ್ಡಿನ ಜಾಬರ್. ಮಗ್ಗ ಕೆಟ್ಟರೆ ನೆಟ್ಟಗೆ ಮಾಡುವುದು ಅವನ ಕೆಲಸ. ಆದರೆ ಮಾಲಕರು ಇಲ್ಲದಾಗ ಅವನೇ ಮಾಲಕ. ಯಾರನ್ನು ಕೆಲಸಕ್ಕೆ ಇಡಬೇಕು, ಯಾರನ್ನು ಬಿಡಿಸಬೇಕು, ಎಲ್ಲ ಅವನ ಬಾಯಲ್ಲಿ. ಅರವತ್ತೊಂದರ ಶ್ರಾವಣದಲ್ಲಿ ಒಂದು ನೂಲಿನ ಗಂಟು ಕಾಣೆಯಾಯಿತು. ಪಾಳಿ ಬಿಡುವ ಹೊತ್ತಿಗೆ ಸಿದ್ದರಾಯ ಗೇಟಿಗೆ ಅಡ್ಡ ನಿಂತ. ಹೋಗುವವರನ್ನೆಲ್ಲ ಬಿಟ್ಟ. ಮಲಕವ್ವನನ್ನು ಮಾತ್ರ ನಿಲ್ಲಿಸಿ, ನಿರಿಗೆ ಬಿಚ್ಚಿ ತೋರಿಸು ಎಂದ.

ಅವಳು ಮೊದಲು ನಕ್ಕಳಂತೆ, ಚೇಷ್ಟೆ ಮಾಡುತ್ತಿದ್ದಾನೆಂದು ತಿಳಿದು. ಅವನು ನಗಲಿಲ್ಲ. ಬೀಡಿ ಹಚ್ಚಿ ಕಾಯುತ್ತ ನಿಂತ. ಮಗ್ಗದ ಗಂಡಸರು ಸುತ್ತ ನಿಂತಿದ್ದರು; ಒಬ್ಬನಾದರೂ ಆಚೆ ಮುಖ ಮಾಡಲಿಲ್ಲ. ಕೊನೆಗೆ ಅವಳು ನಿರಿಗೆ ಬಿಚ್ಚಿದಳು, ಉಟ್ಟ ಸೀರೆಯ ಒಂದೊಂದೇ ಮಡಿಕೆ ಝಾಡಿಸಿ ತೋರಿಸಿದಳು, ಸೊಂಟದ ಎಲೆಯಡಿಕೆ ಚಂಚಿಯನ್ನೂ ತೆರೆದು ತೋರಿಸಿದಳು. ನೂಲಿನ ಒಂದು ಎಳೆಯೂ ಸಿಗಲಿಲ್ಲ. ಸಿದ್ದರಾಯ ಬೀಡಿಯ ಬೂದಿ ಕೊಡವಿ, ಹೋಗು ಎಂದ. ಅಷ್ಟೇ. ಆ ಗಂಟು ಮುಂದೆ, ಮಾರಾಟಕ್ಕೆ ಮೂಟೆ ಕಟ್ಟಿಟ್ಟ ಅರಿವೆ ಗಾಂಠಿಯ ಹಿಂದೆ ಬಿದ್ದದ್ದು ಸಿಕ್ಕಿತು. ಸಿಕ್ಕ ಸುದ್ದಿಯನ್ನು ಅವಳಿಗೆ ಬಂದು ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಸುತ್ತ ನಿಂತ ಗಂಡಸರಲ್ಲಿ ಸಾತಪ್ಪನೂ ಇದ್ದ. ಹೆಂಡತಿ ಸೀರೆ ಬಿಚ್ಚುವಾಗ ಆ ಮಹಾಶಯ ತನ್ನ ಚಪ್ಪಲಿಯ ಉಂಗುಟ ನೋಡುತ್ತ ನಿಂತಿದ್ದ. ಮನೆಗೆ ಬಂದ ಮೇಲೆ, ಹೊಟ್ಟೆಪಾಡು, ಬಿಟ್ಟುಬಿಡು ಎಂದ. ಮಲಕವ್ವ ಅವನ ತಾಟಿಗೆ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು. ಆದರೆ ಅವನ ಹೆಸರನ್ನೂ ಅವಳು ಮನಸ್ಸಿನಲ್ಲಿ ಸಿದ್ದರಾಯನ ಪಕ್ಕದಲ್ಲೇ ಇಟ್ಟಳು. ಒಬ್ಬ ಮಾಡಿದವ, ಒಬ್ಬ ನೋಡಿದವ. ಕೆಲಸ ಬಿಡೋಣವೆಂದರೆ, ಬಿಟ್ಟರೆ ಕದ್ದದ್ದಕ್ಕೇ ಓಡಿಹೋದಳು ಎನ್ನುತ್ತಾರೆ. ಹಾಗಾಗಿ ಮರುದಿನವೂ ಹೋದಳು, ಅದರ ಮರುದಿನವೂ. ದಿನಾ ಅದೇ ಗೇಟು ದಾಟಿದಳು. ಅವಳಿಗೆ ಬೇಕಾದದ್ದು ಒಂದೇ. ಈ ಸಿದ್ದರಾಯ ಇದೇ ಗೇಟಿನಲ್ಲಿ, ಇದೇ ಜನರ ಮುಂದೆ, ಮಾನ ಕಳೆದುಕೊಂಡು ನಿಲ್ಲಬೇಕು. ಅವನ ಕೈಕಾಲು ಮುರಿಯಲಿ, ಅವನ ಮನೆ ಹಾಳಾಗಲಿ ಎಂದು ಅವಳು ಹರಕೆ ಹೊರಲಿಲ್ಲ. ಅವನ ಮಾನ ಹೋದರೆ ಸಾಕಿತ್ತು.

ಆದರೆ ಅವನ ಮಾನ ವರ್ಷ ವರ್ಷಕ್ಕೆ ಏರುತ್ತ ಹೋಯಿತು. ಅದಕ್ಕೆ ಕಾರಣ ಒಂದು ಅಂಟು. ಮಗ್ಗದ ಭಾಗಗಳು ಬೀಡುಕಬ್ಬಿಣದವು. ಪೆಟ್ಟು ಬಿದ್ದರೆ ಬಾಗುವುದಿಲ್ಲ, ಮಡಕೆಯಂತೆ ಒಡೆಯುತ್ತವೆ. ಒಡೆದರೆ ಕೊಲ್ಹಾಪುರದ ಎರಕದ ಕಾರಖಾನೆಗೆ ಹೋಗಿ ಹೊಸದು ಮಾಡಿಸಬೇಕು. ಅವರು ಇವತ್ತು ನಾಳೆ ಎಂದು ಆಡಿಸುವಷ್ಟು ದಿನ ಮಗ್ಗ ಸುಮ್ಮನೆ ನಿಂತಿರಬೇಕು. ಸಿದ್ದರಾಯ ಒಮ್ಮೆ ಕೊಲ್ಹಾಪುರಕ್ಕೆ ಹೋದವನು ಅಲ್ಲಿನ ಒಂದು ಅಂಗಡಿಯಿಂದ ಎರಡು ಡಬ್ಬಿ ತಂದ. ಮುಂಬಯಿಯ ಮಾಲು, ಹೊಸದಾಗಿ ಬಂದದ್ದು. ದೊಡ್ಡ ಡಬ್ಬಿಯಲ್ಲಿ ಜೇನಿನಂಥ ಮಂದ ಅಂಟು. ಸಣ್ಣ ಡಬ್ಬಿಯಲ್ಲಿ ತೆಳ್ಳಗಿನ, ಕೊಳೆತ ಮೀನಿನ ವಾಸನೆಯ ಎಣ್ಣೆಯಂಥದ್ದು. ಅದಕ್ಕೆ ಶೆಡ್ಡಿನವರು ಔಷಧ ಎಂದರು. ಅಂಟು ಒಂದೇ ಇದ್ದರೆ ವರ್ಷವಾದರೂ ಹಾಗೇ ಇರುತ್ತದೆ. ಔಷಧ ಕೂಡಿಸಿ ಕಲಸಿದರೆ ಬಿಸಿಯೇರಿ, ಬಿಗಿದು, ಬೆಳಗಾಗುವಷ್ಟರಲ್ಲಿ ಕಲ್ಲು. ಗಂಡು ಹೆಣ್ಣು ಕೂಡಿದ ಮೇಲೆ ಬಿಡಿಸುವವರು ಯಾರು ಎಂದು ಮಗ್ಗದ ಹುಡುಗರು ನಗಾಡಿದರು. ಒಡೆದ ಬೀಡುಕಬ್ಬಿಣಕ್ಕೆ ಆ ಅಂಟು ಮೆತ್ತಿ, ಮೇಲೊಂದು ತಗಡು ಬಿಗಿದರೆ, ನಟ್ಟು ಬಿಗಿಯುವ ಪಾನಾದಿಂದ ಬಡಿದು ನೋಡಿದರೂ ಠಣ್ಣೆನ್ನುತ್ತಿತ್ತು.

ಸಿದ್ದರಾಯನ ಕಾಲು ನೆಲದ ಮೇಲೆ ನಿಲ್ಲದಂತಾಯಿತು. ನೆರೆಯೂರು ಯಡ್ರಾವದ ಶೆಡ್ಡಿನವರೂ ಅವನನ್ನು ಕರೆಯತೊಡಗಿದರು. ಡಾಕ್ಟರ್ ಬಂದರು ಎಂದು ಕುರ್ಚಿ ಹಾಕುತ್ತಿದ್ದರಂತೆ. ಆ ಔಷಧದಿಂದ ಅವನ ಬೆರಳ ಸಂದಿಗಳಲ್ಲಿ ಕೆಂಪು ದದ್ದು ಎದ್ದು ಸದಾ ತುರಿಸುತ್ತಿತ್ತು. ಅದನ್ನೂ ಅವನು ದೊಡ್ಡಸ್ತಿಕೆಯಿಂದಲೇ ತುರಿಸಿಕೊಳ್ಳುತ್ತಿದ್ದ. ಮಲಕವ್ವ ಇದನ್ನೆಲ್ಲ ಕಾಂಡಿಖೋಲಿಯ ಬಾಗಿಲಿನಿಂದ ನೋಡುತ್ತ ಹಲ್ಲು ಕಚ್ಚುತ್ತಿದ್ದಳು.

ಅರವತ್ತೈದರ ಮಳೆಗಾಲ ಹಿಡಿದಾಗ ಅವನ ಒಂದು ಬೆಸುಗೆ ಬಿಟ್ಟುಕೊಂಡಿತು. ಬೆಳಿಗ್ಗೆ ಬಂದು ನೋಡಿದರೆ ಅಂಟು ಗಟ್ಟಿಯಾಗಿಯೇ ಇಲ್ಲ. ಮೇಲೆ ಬೂದಿ ಸವರಿದಂತೆ ಬಿಳಿ ಪೊರೆ, ಕೈಯಿಟ್ಟರೆ ಜಿಗಿಜಿಗಿ, ಉಗುರು ಒತ್ತಿದರೆ ಸಾಬೂನಿಗೆ ಒತ್ತಿದಂತೆ ಗುರುತು. ಧರಣೇಂದ್ರ ಮಾಲಕರು ಎಲ್ಲರೆದುರು, ಏನೋ ಡಾಕ್ಟರ್, ರೋಗಿ ಸತ್ತ ಎಂದರು. ಸಿದ್ದರಾಯ ಮೋರೆ ಸಣ್ಣದು ಮಾಡಿಕೊಂಡು ಕೊಲ್ಹಾಪುರಕ್ಕೆ ಓಡಿದ. ಅಂಗಡಿಯವನು ಅವನಿಗೆ ಬೈದು ಬುದ್ಧಿ ಹೇಳಿ ಕಳಿಸಿದ.

ಬಂದವನೇ ಸಿದ್ದರಾಯ ಕಾಂಡಿ ಹೆಂಗಸರನ್ನೆಲ್ಲ ನಿಲ್ಲಿಸಿಕೊಂಡು, ತಪ್ಪೆಲ್ಲ ಅವರದೇ ಎಂಬಂತೆ ಒಂದು ಭಾಷಣವನ್ನೇ ಮಾಡಿದ. ಈ ಔಷಧಕ್ಕೆ ನೀರಿನ ಹುಚ್ಚಂತೆ. ಡಬ್ಬಿಯ ಬಾಯಿ ತೆರೆದಿಟ್ಟರೆ ಹವೆಯಲ್ಲಿದ್ದ ಪಸೆಯನ್ನೆಲ್ಲ ಕುಡಿಯುತ್ತದಂತೆ. ನೀರು ಕುಡಿದ ಔಷಧ ಅಂಟನ್ನು ಸರಿಯಾಗಿ ಕೂಡುವುದಿಲ್ಲ, ಒಳಗೆ ಮೆತ್ತಗೆ, ಮೇಲೆ ಜಿಗುಟು. ಕಬ್ಬಿಣ ಬೆವರಿದ್ದರೂ ಹಿಡಿಯುವುದಿಲ್ಲ. ಆದ್ದರಿಂದ ತಾನು ಅಂಟು ಹಚ್ಚುವ ದಿನ ನೆಲಕ್ಕೆ ನೀರು ಬೀಳಕೂಡದು, ಒದ್ದೆ ಸೆರಗಿನವರು ಹತ್ತಿರ ಸುಳಿಯಕೂಡದು, ಕಬ್ಬಿಣವನ್ನು ಕೆಂಡದ ಶೇಗಡಿ ಇಟ್ಟು ಕಾಯಿಸಿಯೇ ಹಚ್ಚುವುದು. ಹೀಗೆ ಎಲ್ಲವನ್ನೂ ತಾನೇ ಬಿಡಿಸಿ ಬಿಡಿಸಿ ಹೇಳಿದ. ಮಲಕವ್ವ ಎಲ್ಲರಿಗಿಂತ ಮುಂದೆ ನಿಂತು ಲಕ್ಷ್ಯಗೊಟ್ಟು ಕೇಳಿದಳು. ಅವಳ ಜನ್ಮದಲ್ಲಿ ಅವನ ಮಾತನ್ನು ಅಷ್ಟು ಆಸೆಯಿಂದ ಕೇಳಿದ್ದು ಅದೇ ಮೊದಲು.

ಮಗ್ಗಗಳಿದ್ದ ದೊಡ್ಡ ಕೋಣೆಯಲ್ಲಿ ಅರಳೆಯ ನಾರು ಹಾರಾಡಿ ಅಂಟಿಗೆ ಕೂತುಬಿಡುತ್ತದೆಂದು ಅವನು ಡಬ್ಬಿಗಳನ್ನು ಕಾಂಡಿಖೋಲಿಯ ಹಲಗೆಯ ಮೇಲೆ, ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಇಡೀ ಶೆಡ್ಡಿನಲ್ಲಿ ಹೆಚ್ಚು ಹಸಿಯಿದ್ದ ಜಾಗ ಅದೇ. ಅದು ಅವನ ತಲೆಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಹಸಿಹವೆಯಲ್ಲೇ ಬೆಳೆದ ಮಗ್ಗದ ಮನುಷ್ಯ. ನೂಲು ಸುಖವಾಗಿರುವ ಜಾಗದಲ್ಲಿ ತನ್ನ ಔಷಧವೂ ಸುಖವಾಗಿರುತ್ತದೆಂದು ತಿಳಿದ. ಮುಚ್ಚಳ ಬಿಗಿಯಾಗಿದ್ದರೆ ಸಾಕೆಂದ. ಪೆಟ್ಟಿಗೆಗೆ ಕೀಲಿ ಇರಲಿಲ್ಲ.

ಆಷಾಢದಲ್ಲಿ ಒಂದು ಮಗ್ಗದ ದೊಡ್ಡ ಬ್ರಾಕೆಟ್ ಒಡೆಯಿತು. ಮಗ್ಗದ ಕೆಳಗಿನ ದಂಡವನ್ನು ಹೊತ್ತು ನಿಲ್ಲುವ ಭಾಗ ಅದು. ಮಾಲಕರು ಕೊಲ್ಹಾಪುರಕ್ಕೆ ಕೊಟ್ಟು ಹೊಸದು ಮಾಡಿಸೋಣವೆಂದರು. ಸಿದ್ದರಾಯನಿಗೆ ಹೋದ ಮಾನ ತಿರುಗಿ ಪಡೆಯುವ ಅವಸರ. ಬೇಡ, ನಾನು ಕೂಡಿಸುತ್ತೇನೆ, ಈ ಸಲ ಬಿಟ್ಟುಕೊಂಡರೆ ನಿಮ್ಮ ಗೇಟಿನಲ್ಲಿ ಕಾಲಿಡುವುದಿಲ್ಲ ಎಂದ. ಮಾಲಕರು ಅದನ್ನೇ ಹಿಡಿದುಕೊಂಡರು. ಆಯಿತು, ಬಿಟ್ಟುಕೊಂಡರೆ ಕೊಲ್ಹಾಪುರದಿಂದ ಬೇರೆ ಜಾಬರ್ ತರುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಾಂಡಿಖೋಲಿಯಲ್ಲಿ ಮಲಕವ್ವನ ಚಕ್ರ ಒಂದು ಗಳಿಗೆ ನಿಂತು ಮತ್ತೆ ತಿರುಗಿತು.

ಮಳೆ ಸ್ವಲ್ಪ ಹೊಳವಾಗಲೆಂದು ಸಿದ್ದರಾಯ ಕೆಲವು ದಿನ ಕೆಲಸ ಮುಂದೂಡಿದ; ಅವತ್ತಿನಿಂದ ಅವಳು ಸಣ್ಣ ಡಬ್ಬಿಯ ಸೇವೆಗೆ ನಿಂತಳು. ಬಂದ ಕೂಡಲೇ ಅದನ್ನು ಪೆಟ್ಟಿಗೆಯಿಂದ ಇಳಿಸಿ, ಮುಚ್ಚಳ ತೆಗೆದು, ಕಾಂಡಿ ಬುಟ್ಟಿಯ ನಡುವೆ ಕೂಡಿಸಿ, ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಳು. ಪಾಳಿ ಮುಗಿಯುವ ಮೊದಲು ಮುಚ್ಚಳ ಹಾಕಿ ಇದ್ದಲ್ಲಿಗೆ ಇಡುತ್ತಿದ್ದಳು. ಹೊರಗೆ ಮಳೆ, ಒಳಗೆ ಗೋಣಿಯ ಹಸಿ. ಮೊದಲು ತಿಳಿಯಾಗಿದ್ದ ಔಷಧ ದಿನ ಹೋದಂತೆ ಮೋಡ ಮುಸುಕಿದಂತಾಯಿತು, ಡಬ್ಬಿಯ ಅಂಚಿಗೆ ಬಿಳಿ ಹಿಟ್ಟು ಕಟ್ಟಿತು. ಅದನ್ನು ಬೆರಳಿನಿಂದ ಒರೆಸಿ ಒರೆಸಿ ಅವಳ ಬೆರಳ ಸಂದಿಯಲ್ಲೂ ದದ್ದು ಎದ್ದಿತು. ತುರಿಸಿದಷ್ಟೂ ಉರಿ, ಉರಿದಷ್ಟೂ ಖುಷಿ. ಕುಡಿ, ಹೊಟ್ಟೆ ತುಂಬ ಕುಡಿ ಎಂದು ಅವಳು ಡಬ್ಬಿಯೊಡನೆ ಮಾತಾಡುತ್ತಿದ್ದಳು. ಅವಳ ಪಕ್ಕದಲ್ಲಿ ಕೂತು ಕಾಂಡಿ ಸುತ್ತುತ್ತಿದ್ದ ಚೆನ್ನವ್ವನಿಗೆ ಅದು ಕಂಡಿರಲಿಲ್ಲ. ಅಕಿವಾಟದಿಂದ ಬಂದ ಹೆಂಗಸು ಅವಳು, ಎಳೆಗೂಸನ್ನು ನೆರೆಯವರ ಹತ್ತಿರ ಬಿಟ್ಟು ಬರುತ್ತಿದ್ದಳು, ಜೀವವೆಲ್ಲ ಮನೆಯ ಕಡೆಗೇ.

ಸಿದ್ದರಾಯ ಈ ಸಲ ಮಡಿ ಉಟ್ಟ ಪೂಜಾರಿಯಂತೆ ಕೆಲಸಕ್ಕೆ ಕೂತ. ಶೇಗಡಿ ಇಟ್ಟ, ಕಬ್ಬಿಣ ಕಾಯಿಸಿ ಒರೆಸಿದ, ನೀರಿನ ಕೊಡವನ್ನು ಹೊರಗೆ ಹಾಕಿಸಿದ. ಔಷಧ ಸ್ವಲ್ಪ ಬೆಳ್ಳಗೆ ಕಂಡಿತು. ಮಳೆಗಾಲದ ಮಬ್ಬು ಬೆಳಕು ಎಂದುಕೊಂಡ. ಕಲಸಿದ, ಹಚ್ಚಿದ, ತಗಡು ಬಿಗಿದ. ಬೆಳಿಗ್ಗೆ ಮುಟ್ಟಿ ನೋಡಿದರೆ ಮತ್ತೆ ಅದೇ ಜಿಗುಟು. ಇನ್ನೆರಡು ದಿನ ಬಿಡಿ ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಆಡಿದ ಮಾತು ಕುತ್ತಿಗೆಗೆ ಬಂದಿತ್ತು. ಜಿಗುಟು ಕಾಣದಂತೆ ಮೇಲೆ ಸೀಮೆಸುಣ್ಣದ ಪುಡಿ ಸವರಿ, ತಯಾರು ಎಂದುಬಿಟ್ಟ.

ಯಾವಾಗಲೂ ನಡೆಸುವವನ ಬದಲು ಅಂದು ಆ ಮಗ್ಗಕ್ಕೆ ನಿಂತವನು ಸಾತಪ್ಪ.

ಇದು ಮಲಕವ್ವನ ಲೆಕ್ಕದಲ್ಲಿ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದಳು. ಆ ದಂಡ ಕಳಚಿ ಬಿದ್ದರೆ ನೇರ ಅವನ ಪಾದದ ಮೇಲೆ. ಒಂದು ಮಾತು ಕೂಗಿದರೆ ಸಾಕಿತ್ತು. ಗಂಟಲವರೆಗೆ ಬಂತು ಕೂಡ. ಆಗ ಅವಳಿಗೆ ಆ ಪಾದ ಕಂಡಿತು, ಅಂದು ಗೇಟಿನಲ್ಲಿ ಆ ಪಾದವನ್ನೇ ನೋಡುತ್ತ ನಿಂತಿದ್ದ ಅವನ ಮುಖ ಕಂಡಿತು, ಬಂದ ಮಾತನ್ನು ನುಂಗಿದಳು. ಹೌದು, ನುಂಗಿದಳು. ಕಟ್ಟಿಕೊಂಡ ಗಂಡನ ಕಾಲು ಹೋದರೆ ಹೋಗಲಿ ಎನ್ನುವಷ್ಟು ಸೇಡು ಅವಳಲ್ಲಿತ್ತು. ಅದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವುದು ನನ್ನಿಂದಾಗದು.

ಮಗ್ಗ ಶುರುವಾಯಿತು. ಮಾಲಕರು ಕೈಕಟ್ಟಿ ನಿಂತಿದ್ದರು. ಒಂದಿಷ್ಟು ಹೊತ್ತು ಖಟಾಖಟ್ ಸರಿಯಾಗಿಯೇ ಓಡಿತು, ಸಿದ್ದರಾಯನ ಮುಖದಲ್ಲಿ ರಕ್ತ ತಿರುಗಿ ಬಂತು. ಆಮೇಲೆ ಬ್ರಾಕೆಟ್ ಮೆಲ್ಲಗೆ ಬಾಯಿಬಿಟ್ಟಿತು. ದಂಡ ಕಳಚಿ ಧಡ್ಡೆಂದು ಬಿತ್ತು. ಸಾತಪ್ಪ ಹಿಂದಕ್ಕೆ ಜಿಗಿದ. ಕಬ್ಬಿಣ ಅವನ ಹೆಬ್ಬೆರಳಿನ ಪಕ್ಕದ ಫರಸಿಕಲ್ಲು ಒಡೆದು ನಿಂತಿತು. ನೇಯ್ದ ಅರಿವೆ ಹರಿಯಿತು. ಮಲಕವ್ವ ಒಳಗೆ ಹೋಗಿ, ಗೋಣಿಯ ಮೇಲೆ ಮುಖವಿಟ್ಟು, ಸಪ್ಪಳ ಹೊರಬೀಳದಂತೆ ನಕ್ಕಳು.

ಆದರೆ ಸಿದ್ದರಾಯ ಸುಲಭಕ್ಕೆ ಸಾಯುವ ಕುಳವಲ್ಲ. ಸಣ್ಣ ಡಬ್ಬಿಯನ್ನು ಬೆಳಕಿಗೆ ತಂದು ನೋಡಿದ. ಬೆಳ್ಳಗೆ ಕದಡಿದ ಔಷಧ ಕಂಡದ್ದೇ ತಡ, ಅವನಿಗೆ ಹಾಲಿಗೆ ನೀರು ಬೆರೆಸುವ ಗೌಳಿಗನ ನೆನಪಾಯಿತು. ಯಾರೋ ಮಾರಲೆಂದು ಔಷಧ ಕದ್ದು, ಕಡಿಮೆ ಬಿದ್ದಷ್ಟಕ್ಕೆ ನೀರು ಸುರಿದಿದ್ದಾರೆ ಎಂದು ಕೂಗಾಡಿದ. ಕದ್ದ ಮಾಲನ್ನು ಶೆಡ್ಡಿನೊಳಗೇ ಬಚ್ಚಿಟ್ಟಿದ್ದಾರೆ, ಇವತ್ತು ಹೊರಗೆ ಸಾಗಿಸುತ್ತಾರೆ ಎಂದು ಹಸಿಸುಳ್ಳು ಹೇಳಿದ. ಮಾಲಕರು ನಂಬಿದರೋ ಇಲ್ಲವೋ, ಸಂಜೆ ಗೇಟಿನಲ್ಲಿ ಬಂದು ನಿಂತರು. ಹಿಡಿದುಕೊಡು, ಸಿಗದಿದ್ದರೆ ನಾಳೆಯಿಂದ ನೀನು ಬರಬೇಡ ಎಂದರು.

ಪಾಳಿ ಬಿಟ್ಟಿತು. ಚೆನ್ನವ್ವ ಎಲ್ಲರಿಗಿಂತ ಮುಂದೆ, ಓಡುನಡಿಗೆಯಲ್ಲಿ ಬಂದಳು. ಕೂಸಿಗೆ ಹಾಲುಣಿಸುವ ಹೊತ್ತು ಮೀರಿತ್ತು, ಕುಪ್ಪಸದ ಎದೆ ನೆಂದಿತ್ತು, ಅದನ್ನು ಮುಚ್ಚಲು ಸೆರಗನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಸಿದ್ದರಾಯನ ಕಣ್ಣಿಗೆ ಬಿದ್ದದ್ದು ಆ ಅವಸರ, ಆ ಕೈ.

“ನಿಂದರ,” ಎಂದ. “ಏನ ಮುಚಗೊಂಡ ಹೊಂಟಿ? ಸೆರಗ ತಗಿ. ನಿರಿಗಿ ಬಿಚ್ಚ.”

ಚೆನ್ನವ್ವನಿಗೆ ತಿಳಿಯಲೇ ಇಲ್ಲ. ಕೂಸು ಅಳುತ್ತಿರುತ್ತದೆ ಎಂದೇನೋ ತೊದಲಿದಳು. ಗಂಡಸರು ಸುತ್ತ ನೆರೆದರು. ಅದೇ ಗಂಡಸರು, ಅದೇ ಕಣ್ಣು.

ಮಲಕವ್ವ ಸಾಲಿನ ಹಿಂದೆ ನಿಂತಿದ್ದಳು. ಅವಳು ಬಯಸಿದ್ದೆಲ್ಲ ಈಗ ಮಾರು ದೂರದಲ್ಲಿ ನಿಂತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಚೆನ್ನವ್ವ ಬಿಚ್ಚುತ್ತಾಳೆ, ಅವಳ ಹತ್ತಿರ ಏನೂ ಸಿಗುವುದಿಲ್ಲ, ಸಿದ್ದರಾಯ ಸುಳ್ಳನೂ ಆಗುತ್ತಾನೆ ಕೆಲಸಗೇಡಿಯೂ ಆಗುತ್ತಾನೆ, ಮಾಲಕರು ಅಲ್ಲೇ ಇದ್ದಾರೆ, ಎಲ್ಲರೆದುರು ಹೊರಗೆ ದಬ್ಬುತ್ತಾರೆ. ತಾನು ಬಾಯಿ ಬಿಟ್ಟರೋ, ಎಲ್ಲ ತಿರುಗುಮುರುಗು. ಅಂಟು ಕೆಟ್ಟದ್ದು ಅವನ ತಪ್ಪಲ್ಲವೆಂದಾಗುತ್ತದೆ, ಅವನ ಕುರ್ಚಿ ಅವನಿಗೇ ಉಳಿಯುತ್ತದೆ, ಅಂದು ನೂಲು ಕದ್ದವಳೂ ಇವಳೇ ಎಂದು ಊರು ಹೇಳುತ್ತದೆ. ಇಷ್ಟು ವರ್ಷ ಕಾದದ್ದು ಹೊಳೆಗೆ ಹೋಗುತ್ತದೆ. ತಡಿ, ಎಂದು ಅವಳು ತನಗೇ ಹೇಳಿಕೊಂಡಳು. ಒಂದು ಗಳಿಗೆ ತಡಿ. ಗಂಡನ ಕಾಲಿನ ವಿಷಯದಲ್ಲೇ ತಡೆದವಳು ನೀನು, ಇದೇನು ಮಹಾ.

ಚೆನ್ನವ್ವನ ಕೈ ನಿರಿಗೆಗೆ ಹೋಯಿತು. ಎದೆಯ ಮೇಲಿನ ಸೆರಗು ಜಾರಿತು, ನೆಂದ ಕುಪ್ಪಸ ಕಂಡಿತು, ಹಿಂದಿನಿಂದ ಯಾವನೋ ಖೊಳ್ಳೆಂದು ನಕ್ಕ. ಆ ನಗೆ ಮಲಕವ್ವನ ಮೈಮೇಲೆ ಬಿದ್ದಂತಾಯಿತು. ಇವಳ ಸೀರೆಗೆ ಕೈ ಹಾಕಿಸಿದ್ದು ಸಿದ್ದರಾಯನಲ್ಲ, ನಾನು. ಈ ಯೋಚನೆ ಬಂದದ್ದೂ ಅವಳ ಕಾಲು ಮುಂದೆ ಹೋದದ್ದೂ ಒಂದೇ ಸಲ. ಜನರನ್ನು ತಳ್ಳಿಕೊಂಡು ಬಂದು, ಚೆನ್ನವ್ವನ ಸೆರಗನ್ನು ಎತ್ತಿ ಅವಳ ಹೆಗಲಿಗೆ ಹಾಕಿದಳು.

“ತಂಗಿ, ನೀ ಮನಿಗಿ ಹೋಗ, ಕೂಸ ಅಳಾಕತ್ತಿರತೈತಿ,” ಎಂದಳು. ಆಮೇಲೆ ಮಾಲಕರ ಕಡೆ ತಿರುಗಿದಳು. “ಯಾರೂ ಕದ್ದಿಲ್ರಿ. ನಾ ಕೆಡಿಸೇನಿ. ಗೋಣಿ ತಳಗ ಬಾಯಿ ತಗದ ಇಟ್ಟ ನೀರ ಕುಡಸೇನಿ. ನನ್ನ ಕೈ ನೋಡ್ರಿ.”

ಎರಡೂ ಕೈಯ ಬೆರಳು ಅಗಲಿಸಿ ತೋರಿಸಿದಳು. ಸಂದಿಗಳಲ್ಲೆಲ್ಲ ಕೆಂಪು ದದ್ದು, ಸಿದ್ದರಾಯನ ಕೈಯಲ್ಲಿದ್ದಂಥದ್ದೇ. ಇನ್ನು ಸಾಕ್ಷಿ ಬೇಕಿರಲಿಲ್ಲ. ಸಿದ್ದರಾಯ ದೊಡ್ಡದೊಂದು ಉಸಿರು ಬಿಟ್ಟ. ಮುಳುಗುತ್ತಿದ್ದವನ ಕಾಲಿಗೆ ನೆಲ ಸಿಕ್ಕಿತ್ತು, ಅದೂ ಅವಳೇ ಕೊಟ್ಟದ್ದು.

ಮಾಲಕರು ಯಾಕೆ ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಇವ ನನಗೂ ಹಿಂಗ ನಿಂದರಿಸಿದ್ದಾ. ಇದ ಗೇಟಿನಾಗ. ಎಲ್ಲಾರ ಮುಂದ ನಿರಿಗಿ ಬಿಚ್ಚಿಸಿದ್ದಾ. ಅದಕ ಮಾಡೇನಿ. ಮತ್ತ ಮಾಡಂದ್ರ ಮತ್ತ ಮಾಡತೇನಿ.”

ಸಿದ್ದರಾಯ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹುಬ್ಬು ಗಂಟಿಕ್ಕಿದ, ಏನನ್ನೋ ಹುಡುಕಿದ, ಸಿಗಲಿಲ್ಲ. ಅವನು ನಾಟಕ ಮಾಡುತ್ತಿದ್ದನೆಂದರೆ ಅದು ಸುಳ್ಳು.

“ಯಾವಾಗ?” ಎಂದ.

ಅಯ್ಯೋ, ಅವನ ಬಾಯಿಗೆ ಹುಳ ಬೀಳಲಿ. ಅವಳು ನಿತ್ಯ ಉಂಡ ಅನ್ನದ ಜೊತೆ ನುಂಗಿದ್ದು, ನಿದ್ದೆಯಲ್ಲಿ ಹಲ್ಲು ಕಡಿದದ್ದು, ಗಂಡನ ಕಾಲನ್ನೇ ಪಣಕ್ಕೆ ಒಡ್ಡಿದ್ದು, ಎಲ್ಲ ಯಾವನಿಗಾಗಿಯೋ ಅವನಿಗೆ ಅದು ನೆನಪೇ ಇರಲಿಲ್ಲ. ಬೀಡಿಯ ಬೂದಿ ಕೊಡವಿದಂತೆ ಕೊಡವಿ ಮರೆತಿದ್ದ. ಗೇಟಿನಲ್ಲಿ ಬಿಚ್ಚಿ ನಿಂತ ದಿನವೂ ಮಲಕವ್ವನ ಕಣ್ಣಲ್ಲಿ ನೀರು ಬಂದಿರಲಿಲ್ಲ, ಈಗ ಬಂತು.

“ನನಗ ನೆನಪೈತ್ರಿ.”

ಮಾತಾಡಿದವನು ಸಾತಪ್ಪ. ಮುಂದೆ ಬಂದು ನಿಂತಿದ್ದ. ಈ ಸಲ ಕಣ್ಣು ನೆಲದ ಮೇಲಿರಲಿಲ್ಲ. “ಶ್ರಾವಣದಾಗ. ನೂಲಿನ ಗಂಟ ಕಳದೈತಿ ಅಂತ. ಮುಂದ ಆ ಗಂಟ ಗಾಂಠಿ ಹಿಂದ ಸಿಕ್ಕಿತು. ನಾನೂ ಇಲ್ಲೇ ನಿಂತಿದ್ದೆ. ಇವರೆಲ್ಲಾರೂ ನಿಂತಿದ್ರು.” ಒಬ್ಬೊಬ್ಬರ ಹೆಸರು ಹಿಡಿದು ಹೇಳತೊಡಗಿದ. ಹೆಸರು ಬಂದವನು ಬಂದಂತೆ ತಲೆ ತಗ್ಗಿಸಿದ. ಹೆಂಗಸರ ಸಾಲಿನಿಂದ ಹೌಸಾಬಾಯಿ ಎಂಬ ಮುದುಕಿ, ಹೌದು, ನಾಗರಪಂಚಮಿ ಮುಂದಿನ ಬುಧವಾರ, ಎಂದು ಸೇರಿಸಿದಳು. ಹೆಂಗಸರೆಲ್ಲರಿಗೂ ನೆನಪಿತ್ತು.

ಮಲಕವ್ವ ಕಣ್ಣೊರೆಸಿಕೊಂಡು ಗಂಡನನ್ನು ನೋಡಿದಳು. ಕರಗಿದಳೆಂದು ತಿಳಿಯಬೇಡಿ. “ಇಷ್ಟ ಹೇಳಾಕ ಇಷ್ಟ ವರ್ಷ ಬೇಕಾತೇನ?” ಎಂದಳು. ಮಗ್ಗ ಒಡೆಯುವಾಗ ಅವಳು ಬಾಗಿಲಲ್ಲಿ ನಿಂತು ಸುಮ್ಮನಿದ್ದದ್ದನ್ನು ಅವನೂ ಕಂಡಿದ್ದ, ಅದನ್ನು ಅವನು ಎಂದೂ ಕೇಳಲಿಲ್ಲ.

ಮಾಲಕರು ಮಾಲಕರೇ. ಗಂಡಹೆಂಡತಿ ಇಬ್ಬರನ್ನೂ ಅಲ್ಲೇ ಬಿಡಿಸಿದರು, ಸಿದ್ದರಾಯನನ್ನು ಉಳಿಸಿಕೊಂಡರು. ಅವನು ಹೊಸ ಔಷಧ ತಂದು, ಚೆನ್ನಾಗಿ ಒಣಗಿದ ಜಾಗ ನೋಡಿ ಬ್ರಾಕೆಟ್ ಕೂಡಿಸಿದ. ಅದು ಕಲ್ಲಿನಂತೆ ನಿಂತಿತು. ಮಲಕವ್ವ, ಸಾತಪ್ಪ ಯಡ್ರಾವದ ಒಂದು ಶೆಡ್ಡಿಗೆ ಹೋದರು. ಅಲ್ಲಿಯೂ ಅವಳ ಹೆಸರು ಅವಳಿಗಿಂತ ಮುಂಚೆ ಹೋಗಿತ್ತು. ಕಾಂಡಿಖೋಲಿಯಲ್ಲಿ ಅವಳ ಪಕ್ಕ ಕೂಡಲು ಕೆಲವರು ಹಿಂಜರಿದರು, ಚಂಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅವಳು ಅದನ್ನು ನೋಡಿಯೂ ಕಾಂಡಿ ಸುತ್ತಿದಳು.

ಧರಣೇಂದ್ರ ಮಾಲಕರ ಶೆಡ್ಡಿನ ಸುದ್ದಿಯನ್ನು ಚೆನ್ನವ್ವ ತರುತ್ತಿದ್ದಳು. ಆ ಗೇಟಿನಲ್ಲಿ ಹೆಂಗಸರನ್ನು ನಿಲ್ಲಿಸುವುದು ನಿಂತಿತ್ತು. ಸಿದ್ದರಾಯ ಈಗ ಔಷಧದ ಡಬ್ಬಿಯನ್ನು ಯಾರ ಕೈಗೂ ಸಿಗದಂತೆ ಕೀಲಿ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ. ಮುಚ್ಚಳ ತೆಗೆಯುವ ಮೊದಲು ಹಿಂದೆ ಯಾರು ನಿಂತಿದ್ದಾರೆಂದು ಹೊರಳಿ ಹೊರಳಿ ನೋಡುತ್ತಿದ್ದ. ಯಾವ ಹೆಂಗಸು ಒದ್ದೆ ಕೈಯಲ್ಲಿ ಸುಳಿದರೂ ಬೆಚ್ಚುತ್ತಿದ್ದ. ಅವನು ಏನಾದರೂ ಜೋರು ಮಾಡಿದರೆ, ಮಗ್ಗಗಳ ಸಂದಿಯಿಂದ ಯಾವಳೋ ಒಬ್ಬಳು ಮುಖ ತೋರಿಸದೆ, ಯಾವಾಗ್ರಿ ಜಾಬರ್ರ, ಎಂದು ಕೇಳುತ್ತಿದ್ದಳಂತೆ. ಮಗ್ಗದ ಸಪ್ಪಳದಲ್ಲಿ ಯಾರೆಂದು ಹಿಡಿಯುವುದು?

ಚೆನ್ನವ್ವನಿಗೆ ಅಕ್ಕನ ಮೇಲೆ ಮರುಕ. ಒಮ್ಮೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಾಗ, ನನ್ನ ಸಲುವಾಗಿ ನಿನ್ನ ಸೇಡು ಅರ್ಧಕ್ಕೇ ನಿಂತಿತಲ್ಲ ಅಕ್ಕಾ ಎಂದಳು. ಮಲಕವ್ವ ಮೊದಲು ಉಗುಳಿದಳು. ಆಮೇಲೆ ದದ್ದಿನ ಕಪ್ಪು ಕಲೆಗಳಿದ್ದ ಬೆರಳಿನಿಂದ ಕೂಸಿನ ಮೂಗು ಒರೆಸಿದಳು.

“ಎಲ್ಲಿ ನಿಂತೈತಿ?” ಎಂದಳು. “ಆವತ್ತ ಮಟಾ ನಾ ಒಬ್ಬಾಕಿ ನೆನಸಾಕತ್ತಿದ್ನಿ. ಈಗ ಅವನೂ ದಿನಾ ನೆನಸಾಕತ್ತಾನ.”